ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಇಳಿಜಾರು ಹಳಿ

ನನ್ನ ತಮ್ಮ ಗಣಿಯಿಂದ ಮನೆಗೆ ಬಂದ ದಿನ ಅವನ ಹೆಗಲ ಮೇಲೆ ಹಾಸಿಗೆಯ ಸುರುಳಿ ಇತ್ತು. ರಜಕ್ಕೆಂದು ಬರುವವನು ಹಾಸಿಗೆ ಹೊತ್ತು ತರುವುದಿಲ್ಲ. ಅಮ್ಮ ಅದನ್ನು ನೋಡಿದವಳೇ ಹೊಸಿಲ ಒಳಗೇ ನಿಂತುಬಿಟ್ಟಳು.

“ಏನಾಯ್ತೋ?”

ಅವನು ಸುರುಳಿಯನ್ನು ಜಗಲಿಯ ಮೇಲೆ ಇಳಿಸಿ ಅದರ ಪಕ್ಕದಲ್ಲೇ ಕೂತ. “ಒಬ್ಬನ ಕಾಲು ಹೋಯ್ತಮ್ಮ. ನನ್ನಿಂದಲೇ ಹೋಯ್ತು ಅಂತಿದಾರೆ.”

ಯುದ್ಧದ ಕಾಲ ಅದು. ನಾವು ಹೊಳೆನರಸೀಪುರದಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ ಇದ್ದೆವು. ಅಪ್ಪ ತೀರಿಕೊಂಡಿದ್ದರು. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ನಾನು ಹೆಣ್ಣುಮಕ್ಕಳ ಪಾಠಶಾಲೆಯಲ್ಲಿ ಕೆಲಸಕ್ಕಿದ್ದೆ. ತಮ್ಮ ಎಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು, ಚನ್ನರಾಯಪಟ್ಟಣದ ಆಚೆಯ ಒಂದು ಕ್ರೋಮ್ ಅದಿರಿನ ಗಣಿಯಲ್ಲಿ ಕೆಲಸ ಹಿಡಿದಿದ್ದ. ಯುದ್ಧಕ್ಕೆ ಆ ಕಪ್ಪು ಕಲ್ಲು ಬೇಕಾಗಿತ್ತು. ಓದು ಹತ್ತದ ಹುಡುಗರಿಗೂ ಅಲ್ಲಿ ಕೆಲಸ ಸಿಕ್ಕುತ್ತಿತ್ತು.

ಅವನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಗುಡ್ಡದ ಮೇಲಿನ ಗುಂಡಿಯಿಂದ ಅದಿರನ್ನು ಕೆಳಗಿನ ಲಾರಿ ರಸ್ತೆಗೆ ಇಳಿಸಲು ಒಂದು ಪುಟ್ಟ ಹಳಿದಾರಿ ಇತ್ತು. ನಮ್ಮೂರ ರೈಲಿನ ಹಳಿಗಿಂತ ಅದು ತುಂಬ ಕಿರಿದು, ಹಳಿಗೂ ಹಳಿಗೂ ನಡುವೆ ಎರಡಡಿ ಅಷ್ಟೆ. ಎಂಜಿನ್ ಇಲ್ಲ. ಇಳಿಜಾರಿನ ತಲೆಯಲ್ಲಿ ದೊಡ್ಡದೊಂದು ಮರದ ಡ್ರಮ್ಮು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಅದಿರು ತುಂಬಿದ ಟ್ರಾಲಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯುವಾಗ, ಹಗ್ಗದ ಇನ್ನೊಂದು ತುದಿಯ ಖಾಲಿ ಟ್ರಾಲಿ ಪಕ್ಕದ ಹಳಿಯ ಮೇಲೆ ಏರಿ ಬರುತ್ತಿತ್ತು. ಡ್ರಮ್ಮು ಹದ ಮೀರಿ ಸುತ್ತದಂತೆ ಒಂದು ಬ್ರೇಕು, ಆ ಬ್ರೇಕನ್ನು ಒತ್ತಲು ಉದ್ದನೆಯ ಒಂದು ಮರದ ಸನ್ನೆ. ಡ್ರಮ್ಮಿನ ಪಕ್ಕದ ಅಟ್ಟಣೆಯ ಮೇಲೆ ಸನ್ನೆ ಹಿಡಿದು, ಕೆಳಗಿನ ಆಳು ತೋರಿಸುವ ಬಟ್ಟೆ ನೋಡಿಕೊಂಡು, ಟ್ರಾಲಿ ಬಿಡುವುದೇ ತಮ್ಮನ ಕೆಲಸ.

ಆವತ್ತು ಅವನು ಹಸಿರು ಬಟ್ಟೆ ನೋಡಿಯೇ ಬಿಟ್ಟಿದ್ದ. ಆಗ ಕೆಳಗಿನವನು ರಸ್ತೆಯ ಕಡೆಯ ದಿಣ್ಣೆ ಹತ್ತಿ ನಿಂತು ಅದನ್ನು ಎತ್ತಿ ಹಿಡಿದಿದ್ದ. ಟ್ರಾಲಿ ಹೊರಟ ಮೇಲೆ ಕೆಳಗೆ ಹಳಿಯ ಮೇಲೊಂದು ಕಲ್ಲು ಉರುಳಿತು. ಕಟ್ಟಾಯದ ಕಡೆಯ ಒಬ್ಬ ಕೂಲಿಯಾಳು ಅದನ್ನು ತೆಗೆಯಲು ಹಳಿಗಿಳಿದ. ಬಟ್ಟೆಯವನು ದಿಣ್ಣೆಯಿಂದ ಹಾರಿ ಹಳಿಯ ಪಕ್ಕಕ್ಕೆ ಓಡಿ ಕೆಂಪು ಬಟ್ಟೆ ಬೀಸಿದ, ಕೂಗಿದ. ಡ್ರಮ್ಮಿನ ಸದ್ದಿನಲ್ಲಿ ಕೂಗು ಕೇಳಲಿಲ್ಲ. ಬಟ್ಟೆ ತಮ್ಮನಿಗೆ ಕಾಣಲಿಲ್ಲ.

“ಯಾಕೆ ಕಾಣಲಿಲ್ಲ?” ಎಂದು ಕೇಳಿದೆ.

“ದಿಬ್ಬ ಇತ್ತಲ್ಲಕ್ಕ! ಪೆಟ್ರೋಲಿಲ್ಲ ಅಂತ ಲಾರಿ ಬರೋದೇ ನಿಂತುಹೋಗಿತ್ತು. ಅದಿರೆಲ್ಲ ತಂದು ನನ್ನ ಅಟ್ಟಣೆ ಮುಂದೇನೇ ಸುರಿದಿದ್ರು. ಆಳೆತ್ತರದ ದಿಬ್ಬ. ಅದರ ಹಿಂದೆ ಏನು ಕಾಣ್ಬೇಕು?”

ಆದರೆ ಗಣಿಯವರು ಹೇಳುತ್ತಿದ್ದುದೇ ಬೇರೆ. ದಿಬ್ಬ ಇರಲೇ ಇಲ್ಲ; ಬ್ರೇಕಿನವನು ಮೈಮರೆತು ಕೂತು ಬೀಡಿ ಸೇದುತ್ತಿದ್ದ. ಹಾಗೆಂದು ಬರೆದು ಮೇಲಕ್ಕೆ ಕಳಿಸಿದ್ದರು. ಮೈಸೂರಿನಿಂದ ಒಬ್ಬ ಅಧಿಕಾರಿ ಬಂದು ಚನ್ನರಾಯಪಟ್ಟಣದ ಮುಸಾಫಿರ್ ಬಂಗಲೆಯಲ್ಲಿ ವಿಚಾರಣೆ ನಡೆಸುವುದೆಂದು ಗೊತ್ತಾಯಿತು. ತಪ್ಪು ತಮ್ಮನದೆಂದು ಅವರು ಬರೆದರೆ ಮುಂದಿನದು ಪೋಲೀಸು, ಕೋರ್ಟು, ಜೈಲು. ಗುಡ್ಡದವರೆಗೆ ಹೋಗಿ ನೋಡುವ ಯೋಚನೆ ಅವರಿಗಿಲ್ಲವಂತೆ. ಮೋಟಾರಿಗೆ ಪೆಟ್ರೋಲು ಸಿಕ್ಕುವುದಿಲ್ಲ, ಹೊತ್ತೂ ಇಲ್ಲ.

ಆ ಭಾನುವಾರ ತಮ್ಮನನ್ನು ಕರೆದುಕೊಂಡು ನಾನೇ ಗಣಿ ನೋಡಲು ಹೋದೆ. ಚನ್ನರಾಯಪಟ್ಟಣದವರೆಗೆ ಬಸ್ಸು, ಅಲ್ಲಿಂದ ಆಚೆಗೆ ಒಂದು ಎತ್ತಿನ ಗಾಡಿ, ಕೊನೆಗೆ ನಡಿಗೆ. ಎದುರಿನ ಬೋಳು ದಿಣ್ಣೆ ಹತ್ತಿ ನಿಂತರೆ ಇಳಿಜಾರು ಪೂರ್ತಿ ಕಾಣುತ್ತಿತ್ತು. ಇಷ್ಟೇ ಏನು ಅನ್ನಿಸಿತು. ನಮ್ಮ ಬೀದಿಯ ಅರ್ಧದಷ್ಟೂ ಉದ್ದವಿಲ್ಲ. ತಮ್ಮ ಮಾತ್ರ ಅಲ್ಲಿ ನೋಡಿದವನು ಕಂಬದ ಹಾಗೆ ನಿಂತುಬಿಟ್ಟ.

“ತೆಗೆದುಬಿಟ್ಟಿದಾರೆ,” ಎಂದ.

ಅಟ್ಟಣೆಯ ಮುಂದೆ ನೆಲ ಹಸನಾಗಿತ್ತು. ದಿಬ್ಬ ಇದ್ದ ಜಾಗವನ್ನು ಗುಡಿಸಿ ಕೆಮ್ಮಣ್ಣು ಹರಡಿದ್ದರು. ಅಷ್ಟರಲ್ಲಿ ಕೆಳಗಿನಿಂದ ಕಾವಲಿನವನು ದೊಣ್ಣೆ ಬೀಸುತ್ತ ಓಡಿ ಬಂದ. “ಯಾರ್ಲಾ ಅದು? ಏನ್ ನೋಡಾಕ್ ಬಂದಿದ್ದೀರಿ?” ತಮ್ಮನ ಗುರುತು ಹತ್ತಿದ ಕೂಡಲೇ ಅವನ ದನಿ ಕೆಳಗಿಳಿಯಿತು. “ಓಗಿ ಅಯ್ನೋರೆ. ನಿಮ್ಮನ್ನ ಇಲ್ಲಿ ಕಂಡ್ರು ಅಂದ್ರೆ ನನ್ ಕೆಲ್ಸ ಓಯ್ತದೆ. ಒಂಟೋಗಿ.”

ಹಿಂದಕ್ಕೆ ಬರುವಾಗ ನಾನು ಮನಸ್ಸಿನಲ್ಲೇ ಆ ಇಳಿಜಾರನ್ನು ಅಳೆಯುತ್ತಿದ್ದೆ.

ನವರಾತ್ರಿಯ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಊರು, ಕೆರೆ, ಬೆಟ್ಟ ಮಾಡುವ ಪದ್ಧತಿ ಉಂಟು. ಚಿಕ್ಕಂದಿನಿಂದಲೂ ಅದರಲ್ಲಿ ನನ್ನ ಕೈ ಆಡುತ್ತಿತ್ತು. ಬೀದಿಯ ಎಷ್ಟೋ ಮನೆಗಳಿಗೆ ನಾನೇ ಹೋಗಿ ಮಾಡಿಕೊಟ್ಟಿದ್ದೇನೆ. ಗುಡ್ಡಕ್ಕೆ ಅಧಿಕಾರಿ ಬರದಿದ್ದರೆ ಗುಡ್ಡವನ್ನೇ ಮಾಡಿ ಅವರ ಮೇಜಿನ ಮೇಲೆ ಇಡುತ್ತೇನೆ ಎಂದೆ. ತಮ್ಮ ನನ್ನ ಮುಖ ನೋಡಿದ. ನಗುತ್ತಾನೆಂದುಕೊಂಡೆ, ನಗಲಿಲ್ಲ.

ಅಪ್ಪನ ಹಾರ್ಮೋನಿಯಂ ಎಂದೋ ಮಾರಿಹೋಗಿತ್ತು, ಪೆಟ್ಟಿಗೆ ಅಟ್ಟದ ಮೇಲಿತ್ತು. ಉದ್ದುದ್ದಕ್ಕೆ ತೆರೆಯುವಂತೆ ಅದರ ಕೀಲನ್ನು ತುದಿಗೆ ಹಾಕಿಸಿದೆ. ತೆರೆದರೆ ಪೆಟ್ಟಿಗೆ ಒಂದರ್ಧ, ಮುಚ್ಚಳ ಇನ್ನೊಂದರ್ಧ. ಎರಡೂ ಸೇರಿ ಒಂದು ಇಳಿಜಾರು. ಮೇಲಿನ ಅರ್ಧದ ಕೆಳಗೆ ಮರದ ತುಂಡುಗಳನ್ನು ಕೊಟ್ಟು ಎತ್ತಬೇಕು. ಮುಚ್ಚಿದರೆ ಕೈಯಲ್ಲಿ ಹಿಡಿದು ಬಸ್ಸು ಹತ್ತಬಹುದು. ಅಡಿಗೆ ಅರ್ಧ ಅಂಗುಲದ ಲೆಕ್ಕ ಇಟ್ಟುಕೊಂಡೆ. ಕಾಗದ ನೆನೆಹಾಕಿ ಮೆಂತ್ಯದ ಜೊತೆ ರುಬ್ಬಿ ಗುಡ್ಡ ಮೆತ್ತಿದೆ; ಹೊಳೆಯ ಮರಳು ಉದುರಿಸಿದೆ. ಹರಿದ ಕೊಡೆಗಳ ಕಡ್ಡಿಗಳು ಹಳಿಯಾದವು. ಅವುಗಳ ಕೆಳಗೆ ಬಿದಿರಿನ ಸೀಳು. ದಾರದ ರೀಲನ್ನು ನಡುವೆ ಕೊಯ್ದರೆ ಅಂಚಿರುವ ಎರಡು ಚಕ್ರ ಸಿಕ್ಕುತ್ತವೆ. ಅವು ಹಳಿ ಬಿಟ್ಟು ಜಾರುವುದಿಲ್ಲ. ಟ್ರಾಲಿಯನ್ನು ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಮಡಿಸಿದೆ. ಪಾಠಶಾಲೆಯಿಂದ ಬಂದವಳು ಸೀರೆ ಕೂಡ ಬದಲಿಸದೆ ಕೆಲಸಕ್ಕೆ ಕೂರುತ್ತಿದ್ದೆ. ಬೆರಳುಗಳಲ್ಲಿ ಮೆಂತ್ಯದ ವಾಸನೆ ಹೋಗುತ್ತಲೇ ಇರಲಿಲ್ಲ.

ತಮ್ಮ ಎದುರಿಗೆ ಕೂತು ಒಂದೊಂದನ್ನೂ ಹೇಳುತ್ತಿದ್ದ. ಡ್ರಮ್ಮು ಇಷ್ಟು, ಅಟ್ಟಣೆ ಇಲ್ಲಿ, ಸನ್ನೆ ಹೀಗೆ. ಸನ್ನೆಯ ತುದಿಯಲ್ಲಿ ತಾನು ಕೂತಿರುತ್ತಿದ್ದೆ ಎಂದ. ನಾನು ಮಣ್ಣಿನ ಒಂದು ಆಳು ಮಾಡಿ, ಹಗುರವಾಗದಿರಲೆಂದು ಬುಡಕ್ಕೆ ಸೀಸದ ಗುಂಡು ಸೇರಿಸಿ, ಸನ್ನೆಯ ತುದಿಯಲ್ಲಿ ಕೂರಿಸಿದೆ. ಗೊಂಬೆ ಕೂತರೆ ಬ್ರೇಕು ಬಿಗಿಯುತ್ತಿತ್ತು. ಬೆರಳಲ್ಲಿ ಸನ್ನೆಯನ್ನು ಕೊಂಚ ಎತ್ತಿದರೆ ಟ್ರಾಲಿ ಮೆಲ್ಲಗೆ ಇಳಿಯುತ್ತಿತ್ತು. ಮೊದಲ ಸಲ ಅದು ನೆಟ್ಟಗೆ ಇಳಿದು, ಪಕ್ಕದ ಖಾಲಿ ಟ್ರಾಲಿ ಏರಿ ಬಂದಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಳಿದಿದ್ದು ದಿಬ್ಬ. ಅದನ್ನು ಬೇರೆಯಾಗಿ ಮಾಡಿ ಕೊನೆಗೆ ಇಡುವಂತೆ ಮಾಡಿದ್ದೆ. ತಮ್ಮ ಹೇಳಿದಷ್ಟೇ ಎತ್ತರಕ್ಕೆ ಮೆತ್ತಿ, ಅಟ್ಟಣೆಯ ಮುಂದಿಟ್ಟು, ಗೊಂಬೆಯ ತಲೆಯ ಮಟ್ಟಕ್ಕೆ ಕಣ್ಣು ತಂದು ನೋಡಿದೆ. ಹಳಿಯ ಬುಡ ಏನೂ ಕಾಣಲಿಲ್ಲ. ನಿಂತ ಆಳಿನ ಮಟ್ಟದಿಂದ ನೋಡಿದೆ. ಆಗಲೂ ಕಾಣಲಿಲ್ಲ.

“ಸರಿಯಾಗಿದೆ,” ಎಂದ ತಮ್ಮ.

ಆದರೆ ಅವನು ಮೊದಲ ದಿನ ಆಳೆತ್ತರ ಎಂದಿದ್ದ. ಆಮೇಲೆ ಆಳಿಗಿಂತ ಒಂದು ಕೈ ಮೇಲೆ ಎಂದ. ಈಗ ಇದು ಅದಕ್ಕೂ ಹೆಚ್ಚಾಗಿತ್ತು. ಅವನು ಸುಳ್ಳು ಹೇಳುತ್ತಿದ್ದನೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಹೆದರಿಕೆಯಲ್ಲಿ ದಿಬ್ಬ ಅವನ ಮನಸ್ಸಿನಲ್ಲೇ ಬೆಳೆಯುತ್ತಿತ್ತು.

“ಇನ್ನೊಬ್ಬರನ್ನ ಕೇಳ್ಬೇಕು ಕಣೋ,” ಎಂದೆ.

“ಯಾರನ್ನ? ಗಣಿಯವರನ್ನಾ?”

“ಕಾಲು ಹೋದವನನ್ನ.”

ಅವನು ಎದ್ದು ಹೋದ. ಅಮ್ಮ ಒರಳಿನ ಬಳಿಯಿಂದ ಮೆಲ್ಲಗೆ ಅಂದಳು, “ಇರೋದು ಇರ್ಲಿ ಬಿಡೇ. ಒಂದು ಹಿಡಿ ಕಾಗದದ ಮುದ್ದೆ ಹೆಚ್ಚಾಯ್ತು ಅಂತ ಯಾರು ಅಳೀತಾರೆ? ನಿನ್ನ ತಮ್ಮ ಜೈಲಿಗೆ ಹೋಗೋದು ಹೆಚ್ಚೋ, ಅದು ಹೆಚ್ಚೋ?”

ಆದರೂ ಮುಂದಿನ ರಜದ ದಿನ ಕಟ್ಟಾಯಕ್ಕೆ ಹೊರಟೆ. ಒಬ್ಬಳನ್ನೇ ಕಳಿಸಲಾರದೆ ಅಮ್ಮನೂ ಬಂದಳು. ಹಾಸನದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಗಾಡಿ ಹಿಡಿದೆವು. ದಿಬ್ಬವನ್ನೂ ಅಟ್ಟಣೆಯನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ.

ಆ ಮನೆಯ ಬಾಗಿಲಲ್ಲಿ ಮೊದಲು ಸಿಕ್ಕಿದ್ದು ಅವನ ಹೆಂಡತಿ. ನಾವು ಯಾರೆಂದು ಹೇಳಿದ ಕೂಡಲೇ ಅವಳು ಬಾಗಿಲಿಗೆ ಅಡ್ಡ ಕೈ ಹಿಡಿದಳು. “ಯಾಕ್ ಬಂದ್ರವ್ವಾ? ಕಾಲ್ ತಂದಿದ್ದೀರಾ?”

ಅಮ್ಮ ಹಿಂದಕ್ಕೆ ಸರಿದಳು. ಒಳಗಿನಿಂದ ಗಂಡಸಿನ ದನಿ ಬಂತು: “ಬರ್ಲಿ ಬುಡು. ಊರಿಂದ ಬಂದವ್ರೆ.”

ಅವನು ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದ. ನನಗಿಂತ ಚಿಕ್ಕವನು. ಮೊಣಕಾಲಿನ ಕೆಳಗೆ ಕಂಬಳಿ ಮುಚ್ಚಿತ್ತು. ನಾನು ಬಟ್ಟೆ ಬಿಚ್ಚಿ ಅಟ್ಟಣೆಯನ್ನು ನೆಲದ ಮೇಲಿಟ್ಟೆ, ಮುಂದೆ ದಿಬ್ಬ ಇಟ್ಟೆ. ಇದು ಏನು, ಯಾಕೆ ಎಂದು ಹೇಳಿದೆ. ಹೆಂಡತಿ ಬಾಗಿಲಿನಿಂದಲೇ, “ಕಾಲು ಮುರ್ಕಂಡ್ ಕುಂತವ್ನ ಮುಂದೆ ಆಟದ್ ಸಾಮಾನು ತಂದಿಕ್ತಾವ್ರೆ,” ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಮುಂದಕ್ಕೆ ಬಾಗಿ, ದಿಬ್ಬವನ್ನು ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ಸರಿಸಿ ನೋಡಿದ.

“ಜಾಗ ಸರ್ಯಾಗದೆ. ಆದ್ರೆ ಇಷ್ಟೆತ್ರ ಇರ್ನಿಲ್ಲ ಕಣವ್ವಾ.”

“ಎಷ್ಟಿತ್ತಪ್ಪಾ?”

ಅವನು ಬೆರಳಿನ ಉಗುರಿನಿಂದ ದಿಬ್ಬದ ಮೈಮೇಲೆ ಒಂದು ಗೀರು ಎಳೆದ. “ಇಷ್ಟು. ಪುಟ್ಟಿಯಾಗೆ ಒತ್ಕೊಂಡೋಗಿ ಮ್ಯಾಲ್ ಸುರೀತಿದ್ದೋನು ನಾನೇಯ. ನನ್ ಗಡ್ಡದ ಮಟ್ಟ. ಅಯ್ನೋರು ಕುಂತಿದ್ರು. ಕುಂತ್ರೆ ಕಾಣಾಕಿಲ್ಲ. ನಿಂತ್ಕಂಡಿದ್ರೆ ಬಟ್ಟೆ ಕಾಣ್ತಿತ್ತು.”

ಅಮ್ಮ ನನ್ನ ಸೆರಗು ಹಿಡಿದು ಎಳೆದಳು, ಸಾಕು ನಡಿ ಎಂಬಂತೆ.

“ವಿಚಾರಣೆಗೆ ನಿನ್ನನ್ನೂ ಕರೆದಿದಾರಾ?” ಎಂದು ಕೇಳಿದೆ.

“ಕರ್ದವ್ರೆ. ಗಣಿಯೋರೇ ಗಾಡಿ ಕಳಿಸ್ತಾರಂತೆ. ದಿಬ್ಬ ಇರ್ನೇ ಇಲ್ಲ ಅನ್ನು ಅಂದ್ರು. ನಾನು ಅಂಗೆಲ್ಲ ಅನ್ನಾಕಿಲ್ಲ ಅಂದೆ. ಇದ್ದುದ್ನೇ ಏಳ್ತೀನಿ. ಅಯ್ನೋರು ಕುಂತಿದ್ದೂ ಏಳ್ತೀನಿ. ಬ್ಯಾಸ್ರ ಮಾಡ್ಕಬ್ಯಾಡಿ.”

ಹೊರಡುವಾಗ ಅವನ ಹೆಂಡತಿ ಒಂದು ಚೊಂಬು ನೀರು ತಂದಿಟ್ಟಳು. ಮುಖ ಮಾತ್ರ ತಿರುಗಿಸಿಯೇ ಇದ್ದಳು.

ರೈಲಿನಲ್ಲಿ ಅಮ್ಮ ದಾರಿಯುದ್ದಕ್ಕೂ ಹೇಳಿದಳು: ಅವನೊಬ್ಬನ ಮಾತು, ನೋವಿನಲ್ಲಿದ್ದವನ ಮಾತು, ಅದೇ ನಿಜ ಎಂದು ಯಾಕೆ ಹಿಡಿಯಬೇಕು? ಎದುರಿಗೆ ಕೂತವರು ನಮ್ಮನ್ನೇ ನೋಡುತ್ತಿದ್ದರು. ನಾನು ಮಡಿಲಿನಲ್ಲಿದ್ದ ದಿಬ್ಬವನ್ನು ಮುಟ್ಟಿ ನೋಡಿದೆ. ಅವನು ಎಳೆದ ಗೀರು ಬಟ್ಟೆಯ ಮೇಲಿನಿಂದಲೂ ಬೆರಳಿಗೆ ಸಿಕ್ಕುತ್ತಿತ್ತು. ಇಷ್ಟು ಗಟ್ಟಿಯಾಗಿ ಎತ್ತರ ಹೇಳಿದವನು ಗಣಿಯವರ ಮಾತಿಗೂ ಒಪ್ಪಿರಲಿಲ್ಲವಲ್ಲ. ಅವನೇ ಬಾಯಿಬಿಟ್ಟು ದಿಬ್ಬ ಇತ್ತು ಎಂದರೆ ನಮಗೆ ಅರ್ಧ ಗೆಲುವು. ಅವನ ಮಾತಿಗೂ ನನ್ನ ದಿಬ್ಬಕ್ಕೂ ತಾಳೆಯಾಗದೆ ಹೋದರೆ ಎಲ್ಲವೂ ಸುಳ್ಳಾಗುತ್ತದೆ. ಹೀಗೆಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವನ ಮುಖ ನೋಡಿ ಬಂದ ಮೇಲೆ ಆ ಎತ್ತರದ ದಿಬ್ಬವನ್ನು ಪೆಟ್ಟಿಗೆಯಲ್ಲಿಡುವುದು ನನ್ನ ಕೈಲಾಗುತ್ತಿರಲಿಲ್ಲ, ಅಷ್ಟೆ.

ಮನೆಗೆ ಬಂದು ಈಳಿಗೆಮಣೆಯ ಮೇಲೆ ದಿಬ್ಬದ ತಲೆಯನ್ನು ಗೀರಿನವರೆಗೆ ಕೊಯ್ದೆ. ಕೊಯ್ಯುತ್ತಿರುವಾಗಲೇ ತಮ್ಮ ಹೊರಗಿನಿಂದ ಬಂದ.

“ಏನು ಮಾಡ್ತಿದೀಯಕ್ಕ?”

ಹೇಳಿದೆ. ಅವನು ಬಾಗಿ ಗೊಂಬೆಯ ತಲೆಯ ಮಟ್ಟದಿಂದ ನೋಡಿದ, ಆಮೇಲೆ ನಿಂತ ಆಳಿನ ಮಟ್ಟದಿಂದ ನೋಡಿದ. ಹಳಿಯ ಬುಡ ಕಾಣುತ್ತಿತ್ತು. ಎದ್ದಾಗ ಅವನ ಮುಖ ಬಿಳಿಚಿಕೊಂಡಿತ್ತು.

“ನೀನು ಯಾರ ಕಡೆ? ನಾನು ಕೂತಿದ್ದೆ ಅಂತ ಗಣಿಯವರು ಹೇಳ್ತಿರೋದೂ ಅದೇ ತಾನೆ? ಅದನ್ನೇ ಬೊಂಬೆ ಮಾಡಿ ಅವರ ಕೈಗೆ ಕೊಡ್ತೀಯಲ್ಲ!”

“ನೀನು ಯಾಕೆ ಕೂತಿದ್ದೆ ಅಂತ ಹೇಳು ಮತ್ತೆ.”

“ಕೂತೇ ಮಾಡೋ ಕೆಲಸ ಅದು!” ಎಂದು ಕೂಗಿದ. ಅದಕ್ಕಿಂತ ಬಿಡಿಸಿ ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ, ಕೇಳುವ ತಾಳ್ಮೆ ನನಗೂ ಇರಲಿಲ್ಲ. ಅವನು ಎರಡು ಪಂಚೆ ಚೀಲಕ್ಕೆ ತುರುಕಿಕೊಂಡು ಅರಕಲಗೂಡಿನ ಸೋದರಮಾವನ ಮನೆಗೆ ಹೊರಟುಹೋದ. ವಿಚಾರಣೆಗೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವೋ. ಅಮ್ಮ ನನ್ನೊಡನೆ ಮಾತು ಬಿಟ್ಟಳು. ಅರಕಲಗೂಡಿಗೆ ಯಾರಾದರೂ ಹೋಗುವವರಿದ್ದರೆ ಅವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ಅಲ್ಲಿಂದ ಏನೂ ತಿಳಿದು ಬರುತ್ತಿರಲಿಲ್ಲ. ಕರೆದ ದಿನ ಅವನು ಹಾಜರಾಗದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆಯೇ ಎಂದು ಪರಿಚಯದ ಒಬ್ಬ ವಕೀಲರು ಹೇಳಿದ್ದರು. ಪಾಠ ಮಾಡುತ್ತಿದ್ದರೆ ನಡುವೆ ಮಾತು ಮರೆತು ನಿಂತುಬಿಡುತ್ತಿದ್ದೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದವು.

ಆ ದಿನ ಬೆಳಿಗ್ಗೆ ಅಮ್ಮನೂ ನಾನೂ ಪೆಟ್ಟಿಗೆ ಹಿಡಿದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಆಗೆಲ್ಲ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂದುಗಡೆ ಒಲೆಯಂಥ ಒಂದು ಉರುಳೆ; ಏರು ಬಂದರೆ ಜನ ಇಳಿದು ತಳ್ಳಬೇಕು. ಕಂಡಕ್ಟರ್ ಪೆಟ್ಟಿಗೆಯನ್ನು ಟಾಪಿನ ಮೇಲೆ ಹಾಕಲು ಕೈ ಚಾಚಿದ. ನಾನು ಬಿಡಲಿಲ್ಲ.

“ಏನಮ್ಮಾ ಅದ್ರಾಗೆ? ದೇವ್ರಾ?”

“ಹಾರ್ಮೋನಿಯಂ,” ಎಂದೆ.

ದಾರಿಯಲ್ಲಿ ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಾಗ ಪೆಟ್ಟಿಗೆಯೊಳಗೆ ಏನೋ ಕಟ್ಟೆಂದಿತು. ತೆರೆದು ನೋಡಲು ಜಾಗವಿರಲಿಲ್ಲ. ಕಿವಿಯನ್ನು ಮುಚ್ಚಳಕ್ಕೆ ಒತ್ತಿ ಕೂತೆ, ಕಿವಿಗೆ ಏನು ಕೇಳಿಸಬೇಕೆಂದು ನನಗೇ ಗೊತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಇಳಿದಾಗ ಅಮ್ಮನ ಕಣ್ಣು ಬಸ್ ನಿಲ್ದಾಣವನ್ನೆಲ್ಲ ಹುಡುಕಿತು. ಅವನಿರಲಿಲ್ಲ. ಬಂಗಲೆಯ ಗೇಟಿನವರೆಗೂ ಇರಲಿಲ್ಲ. ಒಳಗೆ ಹೋದರೆ ವರಾಂಡದ ಮೂಲೆಯ ಬೆಂಚಿನ ಮೇಲೆ, ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು ಕೂತಿದ್ದ. ನಮ್ಮನ್ನು ನೋಡಿ ಎದ್ದು ಬಂದು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ. ನನಗೆ ಅಷ್ಟೇ ಸಾಕಾಗಿತ್ತು.

ಕಟ್ಟಾಯದವನನ್ನು ಗಾಡಿಯಿಂದ ಎತ್ತಿ ತಂದು ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿದರು. ಗಣಿಯ ಕಡೆಯಿಂದ ಒಬ್ಬ ಮೇಲ್ವಿಚಾರಕ, ಒಬ್ಬ ವಕೀಲರು. ಅಧಿಕಾರಿ ನರೆತ ಮೀಸೆಯ, ಮಾತು ಕಡಿಮೆಯ ಮನುಷ್ಯ. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಡಲು ಅಪ್ಪಣೆ ಕೇಳಿದಾಗ ವಕೀಲರು ನಕ್ಕರು. “ಸ್ವಾಮಿ, ಇದು ವಿಚಾರಣೆಯೋ ಗೊಂಬೆ ಹಬ್ಬವೋ?”

“ನೋಡೋಣ,” ಎಂದರು ಅಧಿಕಾರಿ.

ತೆರೆದೆ. ಕೀಲಿನ ಬಳಿ ಒಂದು ಹಳಿ ಮೇಲೆದ್ದು ಪಕ್ಕಕ್ಕೆ ತಿರುಗಿತ್ತು. ಸೆರಗಿಗೆ ಚುಚ್ಚಿಕೊಂಡಿದ್ದ ಗೋಣಿಸೂಜಿಯನ್ನು ತೆಗೆದು ಹಳಿಯನ್ನು ಅದುಮಿ, ಸೂಜಿಯನ್ನೇ ಬಿದಿರಿನ ಸೀಳಿಗೆ ಚುಚ್ಚಿ ನಿಲ್ಲಿಸಿದೆ. ಎಲ್ಲರೂ ಕಾಯುತ್ತಿದ್ದರು. ಮರದ ತುಂಡು ಕೊಟ್ಟು ಮೇಲಿನ ಅರ್ಧವನ್ನು ಎತ್ತಿದೆ. ಅಟ್ಟಣೆ, ಡ್ರಮ್ಮು, ಗೊಂಬೆ, ಕೊನೆಗೆ ದಿಬ್ಬ. ಟ್ರಾಲಿಗೆ ಅದಿರಿನ ಚೂರು ತುಂಬಿ ಸನ್ನೆಯನ್ನು ಬೆರಳಲ್ಲಿ ಎತ್ತಿದೆ. ಟ್ರಾಲಿ ಇಳಿಯಿತು, ಸೂಜಿಯ ಬಳಿ ಒಂದು ಗಳಿಗೆ ತೊದಲಿತು, ದಾಟಿತು. ಇನ್ನೊಂದು ಏರಿ ಬಂತು.

ಅಧಿಕಾರಿ ಕುರ್ಚಿಯಿಂದ ಎದ್ದು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಗೊಂಬೆಯ ತಲೆಯ ಹಿಂದಿನಿಂದ ನೋಡಿದರು. “ಇಲ್ಲಿಂದ ಕೆಳಗಿನದು ಕಾಣುವುದಿಲ್ಲ.”

“ಸ್ವಾಮಿ, ದಿಬ್ಬವೇ ಇರಲಿಲ್ಲ,” ಎಂದರು ವಕೀಲರು.

“ಇತ್ತು ಸಾ,” ಎಂದ ಬಾಗಿಲ ಬಳಿಯವನು. “ಅಷ್ಟೇ ಇತ್ತು. ನಾನೇ ಒತ್ತಾಕಿದ್ದೆ.”

ಮೇಲ್ವಿಚಾರಕ ತಲೆ ತಗ್ಗಿಸಿದ. ವಕೀಲರು ಕೂಡಲೇ ದಾರಿ ಬದಲಿಸಿದರು. “ಇತ್ತು ಎಂದೇ ಇಟ್ಟುಕೊಳ್ಳೋಣ. ಎದ್ದು ನಿಂತಿದ್ದರೆ?”

ಅಧಿಕಾರಿ ಕಣ್ಣನ್ನು ಸ್ವಲ್ಪ ಮೇಲಕ್ಕೆ ತಂದರು. “ಕಾಣುತ್ತದೆ,” ಎಂದರು.

“ಅಷ್ಟೇ ಸ್ವಾಮಿ ನಾವು ಹೇಳುವುದು. ಎದ್ದು ನಿಂತು ನೋಡುವಷ್ಟು ಕಷ್ಟವನ್ನೂ ಈತ ತೆಗೆದುಕೊಳ್ಳಲಿಲ್ಲ. ಅಕ್ಕನೇ ತೋರಿಸಿಕೊಟ್ಟಿದ್ದಾರೆ.”

ಅಮ್ಮ ನನ್ನ ಪಕ್ಕದಿಂದ ದೂರ ಸರಿದದ್ದು ನನಗೆ ಗೊತ್ತಾಯಿತು. ಅಧಿಕಾರಿ ತಮ್ಮನ ಕಡೆ ತಿರುಗಿದರು. “ಯಾಕೆ ನಿಲ್ಲಲಿಲ್ಲ?”

“ನಿಲ್ಲೋ ಹಾಗಿರಲಿಲ್ಲ ಸಾರ್.”

“ಯಾಕೆ? ಕಾಲು ನೋಯುತ್ತಿತ್ತೇ?” ಎಂದರು ವಕೀಲರು. ಯಾರೋ ನಕ್ಕರು. ತಮ್ಮ ಕೈ ಚಾಚಿ ಸನ್ನೆಯನ್ನಷ್ಟೇ ತೋರಿಸಿದ.

ನಾನು ಆಗಲೇ ಕೆಳಗಿನ ಟ್ರಾಲಿಯನ್ನು ಬರಿದು ಮಾಡಿ, ಏರಿ ಬಂದಿದ್ದ ಟ್ರಾಲಿಗೆ ಅದಿರಿನ ಚೂರು ತುಂಬಿ, ಇನ್ನೊಂದು ಓಟಕ್ಕೆ ಸಿದ್ಧ ಮಾಡಿದ್ದೆ. ಅಧಿಕಾರಿ, ನಿಂತರೆ ಹೇಗಿರುತ್ತದೆಂದು ನೋಡಲೆಂದೋ ಏನೋ, ಗೊಂಬೆಯನ್ನು ಎರಡು ಬೆರಳಲ್ಲಿ ಹಿಡಿದು ಸನ್ನೆಯಿಂದ ಎತ್ತಿದರು. ಸನ್ನೆ ಟಕ್ಕನೆ ಮೇಲಕ್ಕೆ ಹಾರಿತು. ಡ್ರಮ್ಮು ಗಿರ್ರೆಂದಿತು. ಟ್ರಾಲಿ ಹಿಡಿತವಿಲ್ಲದೆ ಧಾವಿಸಿ, ಹಗ್ಗದ ದಾರವನ್ನು ಕಿತ್ತುಕೊಂಡು, ಪೆಟ್ಟಿಗೆಯ ಅಂಚು ಹಾರಿ, ಮೇಜಿನಿಂದ ಕೆಳಗೆ ಬಿತ್ತು. ಕಪ್ಪು ಕಲ್ಲಿನ ಚೂರುಗಳು ವಕೀಲರ ಬೂಟಿನವರೆಗೂ ಚೆಲ್ಲಿದವು.

ಅಧಿಕಾರಿ ಕೈಯಲ್ಲಿದ್ದ ಗೊಂಬೆಯನ್ನೂ ಸನ್ನೆಯನ್ನೂ ನೋಡುತ್ತ ನಿಂತಿದ್ದರು. ಹಾಗಾಗುತ್ತದೆಂದು ನಾನು ಯೋಚಿಸಿ ಮಾಡಿದ್ದಲ್ಲ. ತಮ್ಮ ಹೇಗಿತ್ತೆಂದು ಹೇಳಿದನೋ ಹಾಗೆ ಮಾಡಿದ್ದೆ, ಅಷ್ಟೆ. ಆ ಬ್ರೇಕು ನಿಲ್ಲುತ್ತಿದ್ದುದು ಮನುಷ್ಯನ ಮೈಭಾರದಿಂದ ಎಂಬುದು ಕಣ್ಣೆದುರೇ ಇದ್ದರೂ ನನಗೆ ಅದರ ಅರ್ಥ ಹೊಳೆದಿರಲಿಲ್ಲ. ಕೂತಿದ್ದೆ ಎಂದು ಒಪ್ಪಿಕೊಳ್ಳುವುದೇ ತಪ್ಪೊಪ್ಪಿಗೆ ಎಂದು ಹೆದರಿದ್ದ ತಮ್ಮ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

“ಈ ಸನ್ನೆಯನ್ನು ಹಿಡಿದಿಡಲು ಕೊಕ್ಕೆ ಇರಬೇಕಲ್ಲ,” ಎಂದರು ಅಧಿಕಾರಿ.

ತಮ್ಮನಿಗೆ ಈಗ ದನಿ ಬಂತು. “ಇತ್ತು ಸಾರ್. ಮುರಿದುಹೋಗಿತ್ತು. ಮಾಡಿಸಿಕೊಡಿ ಅಂತ ಕೇಳ್ತಾನೇ ಇದ್ದೆ. ಟ್ರಾಲಿ ಇಳೀತಿರುವಾಗ ನಾನು ಎದ್ದರೆ ಹೀಗೇ ಆಗ್ತಿತ್ತು.”

“ಬೋ ದಿನ ಆಗಿತ್ತು ಸಾ ಮುರ್ದು,” ಎಂದ ಕಟ್ಟಾಯದವನು. “ಅಯ್ನೋರು ಕೇಳ್ತಿದ್ದಿದ್ದು ನಾನೇ ಕೇಳಿವ್ನಿ.”

ಅಧಿಕಾರಿ ಮೇಲ್ವಿಚಾರಕನನ್ನು ಕರೆದು ಪ್ರಶ್ನೆ ಕೇಳತೊಡಗಿದರು. ಅವನ ಉತ್ತರಗಳು ಒಂದಕ್ಕೊಂದು ಸೇರುತ್ತಿರಲಿಲ್ಲ. ನಮ್ಮನ್ನು ಹೊರಗೆ ಕಳಿಸಿದರು.

ವರಾಂಡದಲ್ಲಿ ತಮ್ಮ ನೆಟ್ಟಗೆ ಕಟ್ಟಾಯದವನ ಕುರ್ಚಿಯ ಬಳಿ ಹೋದ. ಅವನನ್ನೂ ಹೊರಗೆ ತಂದು ಕೂರಿಸಿದ್ದರು. ಅಪಘಾತವಾದ ಮೇಲೆ ಅವರಿಬ್ಬರೂ ಎದುರುಬದುರಾದದ್ದು ಅದೇ ಮೊದಲು. ತಮ್ಮ ಅವನ ಮುಂದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ.

“ನನಗೆ ಕಾಣಲಿಲ್ಲ ಕಣಪ್ಪಾ.”

“ಗೊತ್ತು ಬುಡಿ ಅಯ್ನೋರೆ. ಗೊತ್ತಿದ್ರೂ ಕಾಲು ನೋಯ್ತದೆ, ಏನ್ ಮಾಡನ?”

ತಮ್ಮ ಅಳತೊಡಗಿದ. ಅವನು ಎಂಟು ವರ್ಷದವನಿದ್ದಾಗ ಅತ್ತದ್ದು ಬಿಟ್ಟರೆ ನಾನು ಅವನ ಅಳು ಕಂಡಿರಲಿಲ್ಲ. ಅಮ್ಮ ಹೋಗಿ ಇಬ್ಬರ ನಡುವೆ ನಿಂತಳು. ಕಡೆಗೆ ಚೀಲದಿಂದ ಅವಲಕ್ಕಿಯ ಪೊಟ್ಟಣ ತೆಗೆದು ಮೊದಲು ಕಟ್ಟಾಯದವನ ಕೈಗೆ ಇಟ್ಟಳು.

ಅಧಿಕಾರಿ ಏನು ಬರೆದರೆಂಬುದು ತಿಳಿಯಲು ಕೆಲವು ತಿಂಗಳೇ ಹಿಡಿಯಿತು. ತಪ್ಪು ತಮ್ಮನದಲ್ಲ, ಕೊಕ್ಕೆ ಮಾಡಿಸದೆ ಬಿಟ್ಟವರದು, ಅದಿರನ್ನು ಅಡ್ಡ ಸುರಿಸಿದವರದು ಎಂದಾಯಿತು. ಕಟ್ಟಾಯದವನಿಗೆ ಗಣಿಯವರು ಪರಿಹಾರ ಕೊಡಬೇಕಾಯಿತು. ಅದು ಹೋದ ಕಾಲಿಗೆ ಸಾಟಿಯಾಗುವಂಥದ್ದೇನೂ ಅಲ್ಲ. ಅವನು ಊರಿನಲ್ಲೇ ಒಂದು ಚಿಲ್ಲರೆ ಅಂಗಡಿ ಇಟ್ಟ. ಅವನ ಹೆಂಡತಿ ನಮ್ಮನ್ನು ಕ್ಷಮಿಸಿದಳೆಂದು ಹೇಳಲಾರೆ. ಮತ್ತೊಂದು ಸಲ ಹೋದಾಗಲೂ ನೀರು ಕೊಟ್ಟು ಮುಖ ತಿರುಗಿಸಿದ್ದಳು. ಪೆಟ್ಟಿಗೆಯನ್ನು ಕಾಗದಪತ್ರಗಳ ಜೊತೆ ಸರ್ಕಾರದವರೇ ಇಟ್ಟುಕೊಂಡರು. ಯುದ್ಧ ಮುಗಿದು ಗಣಿ ನಿಂತ ಮೇಲೆ ಆ ಹಳಿಗಳನ್ನೂ ಕಿತ್ತು ಹಾಕಿದರಂತೆ.

ತಮ್ಮನಿಗೆ ಗಣಿಯ ಕೆಲಸ ಮತ್ತೆ ಸಿಗಲಿಲ್ಲ. ಅವನಿಗೂ ಬೇಕಿರಲಿಲ್ಲ. ಸೋದರಮಾವ ಯಾರಿಗೋ ಹೇಳಿ ಕೊಣನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಸೇರಿಸಿದರು. ದಿಬ್ಬ ಕೊಯ್ದ ವಿಷಯವನ್ನು ಅವನು ನನ್ನೊಡನೆ ಮತ್ತೆಂದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೇರಿ ಒಂದು ತಿಂಗಳೂ ಆಗಿರಲಿಲ್ಲ, ಗಿರಣಿಯ ಯಜಮಾನರು ಸಂತೆಗೆಂದು ನಮ್ಮೂರಿಗೆ ಬಂದವರು ಮನೆ ಹುಡುಕಿಕೊಂಡು ಬಂದರು. ಎಂಜಿನ್ನಿನ ಬೆಲ್ಟಿಗೆ ಸುತ್ತ ಕಟಕಟೆ ಹಾಕಿಸುವವರೆಗೂ ಮಿಲ್ಲು ಶುರು ಮಾಡಲು ಬಿಡುವುದಿಲ್ಲ ಎಂದು ತಮ್ಮ ಅಡ್ಡ ನಿಂತಿದ್ದನಂತೆ. ಭತ್ತದ ಗಾಡಿಗಳೆಲ್ಲ ಸಾಲಾಗಿ ನಿಂತುಹೋಗಿದ್ದವಂತೆ.

“ಏನಮ್ಮಾ ಈ ಹುಡುಗ? ಎರಡು ಮಾತು ಬುದ್ಧಿ ಹೇಳಿ,” ಎಂದರು.

ಅಮ್ಮ ಅವರಿಗೆ ಕಾಫಿ ಲೋಟ ಕೊಡುತ್ತ, “ಹಾಕಿಸಿದಿರೋ?” ಎಂದು ಕೇಳಿದಳು.

“ಹಾಕಿಸದೆ ಏನು ಮಾಡಲಿ? ಹಾಕಿಸಿದೆ.”

“ಮತ್ತೆ ಇನ್ನೇನು ಬುದ್ಧಿ ಹೇಳಲಿ?” ಎಂದಳು ಅಮ್ಮ. “ಕಾಫಿ ಆರಿಹೋಗುತ್ತೆ, ಕುಡೀರಿ.”